ಜ್ವರದಲ್ಲಿ ಹಾರಿದವನ ಪೇಢಾ

ಕಲಬುರಗಿಯ ಗಾಜಿಪುರದ ನಮ್ಮ ಓಣಿಯಲ್ಲಿ ಈ ವಾರ ಪೇಢಾ ಹಂಚಿದರು. ಹಂಚಿದವರ ಮಗ ಪರರಾಜ್ಯದ ಯಾವುದೋ ಶಾಲೆಯಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾನೆ. ಮೊದಲ ಸಲ ಪಕ್ಕದ ಸೀಟಿನಲ್ಲಿ ಗುರು ಇಲ್ಲದೆ ಒಬ್ಬನೇ ಹಾರಿ ಇಳಿದಿದ್ದಾನೆ. ‘ಸೋಲೋ’ ಅನ್ನುತ್ತಾರೆ ಅದಕ್ಕೆ. ಸಂತೋಷದ ಸುದ್ದಿಯೇ. ಡಾಕ್ಟರು ಬೇಡ ಎಂದಿದ್ದರೂ ಅರ್ಧ ಪೇಢಾ ಬಾಯಿಗಿಟ್ಟೆ. ಆಗ ಹುಡುಗನ ಅಪ್ಪ ಎದೆಯುಬ್ಬಿಸಿ ಅಂದರು: “ಹಿಂದಿನ ರಾತ್ರಿ ನೂರಾ ಒಂದು ಜ್ವರ ಇತ್ರಿ. ಎರಡು ಗುಳಿಗಿ ನುಂಗಿ ಹೋದ. ಏನ್ ಆಗಲ್ ತಗೋ ಅಂದೆ ನಾನೂ. ಗಂಡಸು ಮಗ!”

ಪೇಢಾ ಗಂಟಲಲ್ಲೇ ನಿಂತಿತು.

ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾದಾಗಿನಿಂದ ಈ ಊರಿಗೆ ಆಕಾಶದ ಹುಚ್ಚು ಹತ್ತಿದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳನ್ನು ಪೈಲಟ್ ತರಬೇತಿಗೆಂದು ಆರಿಸಿತು. ಬೆಳಗಾವಿಯ ಜೊತೆ ನಮ್ಮದೂ ಅದರಲ್ಲಿತ್ತು. ತೊಗರಿ ಬೆಳೆಯುವವರ ಮಕ್ಕಳೂ ಈಗ ಲೈಸೆನ್ಸಿನ ಲೆಕ್ಕ ಹೇಳುತ್ತಾರೆ: ಹದಿನಾರಕ್ಕೆ ವಿದ್ಯಾರ್ಥಿ ಲೈಸೆನ್ಸ್, ಹದಿನೇಳಕ್ಕೆ ಖಾಸಗಿ ಪೈಲಟ್, ಅದಕ್ಕೆ ನಲವತ್ತು ತಾಸಿನ ಹಾರಾಟ. ಜೊತೆಗೆ ‘ಕ್ಲಾಸ್ 2’ ಎಂಬ ವೈದ್ಯಕೀಯ ಪರೀಕ್ಷೆ.

ನನ್ನ ಹಳೆಯ ಜಗಳ ಇರುವುದು ಇಂಥ ಪರೀಕ್ಷೆಗಳ ಕಾಗದದ ಮೇಲೆ. ಓದುಗರಿಗೆ ಬೇಸರ ಬಂದಿರಬಹುದು, ಆದರೂ ಮತ್ತೊಮ್ಮೆ ಹೇಳುತ್ತೇನೆ. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ವೈದ್ಯರ ಪ್ರಮಾಣಪತ್ರ ಬೇಕಲ್ಲ, ಅದಕ್ಕಾಗಿ ಹೋಗಿದ್ದೆ. ವೈದ್ಯರು ತಲೆ ಎತ್ತದೆಯೇ “ಕಣ್ಣು ಕಾಣಸ್ತಾವಲ್ಲ?” ಎಂದರು. “ಕಾಣಸ್ತಾವ್ರಿ” ಅಂದೆ. ಠಪ್ಪನೆ ಸಿಕ್ಕೆ ಬಿತ್ತು. ಸ್ಟೆತಾಸ್ಕೋಪು ಮೇಜಿನ ಮೇಲೆ ಹಾವಿನ ಹಾಗೆ ಸುತ್ತಿಕೊಂಡು ಮಲಗಿತ್ತು.

ಪೈಲಟ್‌ಗಳ ಪರೀಕ್ಷೆ ಇಷ್ಟು ಅಗ್ಗದ್ದಲ್ಲ. ಕಣ್ಣು, ಕಿವಿ, ಹೃದಯ, ರಕ್ತ, ಮೂತ್ರ ಎಲ್ಲ ನೋಡುತ್ತಾರೆ. ವಾಯುಯಾನ ವೈದ್ಯಕ್ಕೆಂದೇ ಬೆಂಗಳೂರಿನಲ್ಲಿ ವಾಯುಪಡೆಯ ಒಂದು ಸಂಸ್ಥೆಯೇ ಇದೆ. ಆದರೆ ಎಷ್ಟೇ ಕಟ್ಟುನಿಟ್ಟಿನ ಪರೀಕ್ಷೆಯಾದರೂ ಅದು ಹೇಳುವುದು ಆ ದಿನ ನೀನು ಹೇಗಿದ್ದೆ ಎಂಬುದನ್ನು. ಈ ಬೆಳಗ್ಗೆ ಹೇಗಿದ್ದೀಯ ಎಂಬುದನ್ನು ನೀನೇ ಹೇಳಿಕೊಳ್ಳಬೇಕು. ದೊಡ್ಡ ವಿಮಾನದಲ್ಲಿ ಪಕ್ಕಕ್ಕೆ ಇನ್ನೊಬ್ಬ ಪೈಲಟ್ ಇರುತ್ತಾನೆ, ನೆಲದ ಮೇಲೆ ಕಂಪನಿ ಇರುತ್ತದೆ. ಸಣ್ಣ ವಿಮಾನ ತೆಗೆದುಕೊಂಡು ಒಬ್ಬನೇ ಹೊರಟ ಖಾಸಗಿ ಪೈಲಟ್‌ಗೆ ಅವನೇ ಡಾಕ್ಟರ್.

ಆ ಡಾಕ್ಟರ್ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅಡುಗೆಮನೆಯಲ್ಲಿ ತಾಯಂದಿರು ಕೇಳುವಂಥವೇ. ಮೈ ಬೆಚ್ಚಗಿದೆಯಾ? ಏನು ಗುಳಿಗೆ ನುಂಗಿದೆ? ರಾತ್ರಿ ನಿದ್ದೆ ಬಂತಾ? ಏನಾದರೂ ತಿಂದೆಯಾ? ಯಾರ ಜೊತೆಗಾದರೂ ಜಗಳವಾಡಿ ಬಂದೆಯಾ? ಕುಡಿತದ ಪ್ರಶ್ನೆಯನ್ನು ಮಾತ್ರ ಸರಕಾರ ತಾಯಿಗೆ ಬಿಟ್ಟಿಲ್ಲ. ಹಾರುವ ಮೊದಲಿನ ಹನ್ನೆರಡು ತಾಸು ಒಂದು ಹನಿಯೂ ಕೂಡದು ಎಂಬುದು ನಿಯಮ. ಮೇ ತಿಂಗಳಲ್ಲಿ ನಮ್ಮೂರಿಗೆ ಇನ್ನೊಂದು ಪ್ರಶ್ನೆ ಸೇರಿಸಬೇಕು: ನೀರು ಕುಡಿದೆಯಾ? ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ನಿಂತ ಪುಟ್ಟ ವಿಮಾನದ ಒಳಗೆ ಕೂತರೆ ಮನುಷ್ಯ ಹಪ್ಪಳವಾಗುತ್ತಾನೆ. ಬಿಸಿ ಗಾಳಿ ತೆಳುವಾದ್ದರಿಂದ ವಿಮಾನವೂ ಮೇಲೇಳಲು ರನ್‌ವೇಯಲ್ಲಿ ಹೆಚ್ಚು ದೂರ ಓಡಬೇಕು. ಯಂತ್ರ, ಮನುಷ್ಯ ಇಬ್ಬರೂ ಸೊರಗಿರುವ ಹೊತ್ತು ಅದು. ಚಹಾ ಕುಡಿದೆ ಅಂದರೆ ಸಾಲದು, ನೀರೂ ಬೇಕು.

ನೆಗಡಿಯ ವಿಷಯಕ್ಕೆ ಬಂದರೆ ನಾನೇ ಆರೋಪಿ. ಹಲವು ವರ್ಷಗಳ ಹಿಂದೆ ಕಮಲಾಪುರಕ್ಕೆ ಹೋಗಿದ್ದೆ, ಕೆಂಪು ಬಾಳೆಹಣ್ಣು ತರಲು. ಮೂಗು ಸೋರುತ್ತಿತ್ತು, ಅಂಗಡಿಯವನು ಕೊಟ್ಟ ಗುಳಿಗೆ ನುಂಗಿ ಸ್ಕೂಟರ್ ಏರಿದೆ. ನಿದ್ದೆ ಬಂದಂತೆ ಅನ್ನಿಸಲೇ ಇಲ್ಲ. ಆದರೆ ಹಿಂದಿನಿಂದ ಬಸ್ಸಿನ ಹಾರ್ನ್ ಕಿವಿಗೆ ಬಡಿದಾಗ ನಾನು ರಸ್ತೆಯ ಬಲಭಾಗದಲ್ಲಿದ್ದೆ, ಹಾದು ಬಂದ ಊರು ಯಾವುದೆಂಬುದೇ ನೆನಪಿರಲಿಲ್ಲ. ಬಾಳೆಗೊನೆಯ ಸಮೇತ ತಗ್ಗಿಗಿಳಿದೆ. ಹಣ್ಣು ಜಜ್ಜಿತು, ಮಂಡಿ ಕಿತ್ತಿತು, ಅಷ್ಟೇ.

ಆಕಾಶದಲ್ಲಿ ಇಳಿಯಲು ತಗ್ಗಿಲ್ಲ. ಅದಕ್ಕೇ ಅಮೆರಿಕದ ವಿಮಾನಯಾನ ಇಲಾಖೆ ಇಂಥ ಮಂಪರು ಗುಳಿಗೆಗೆ ಲೆಕ್ಕ ಕಟ್ಟಿದೆ: ಎರಡು ಗುಳಿಗೆಗಳ ನಡುವೆ ಎಷ್ಟು ತಾಸಿನ ಅಂತರವೋ ಅದರ ಐದು ಪಟ್ಟು ಕಾಯಬೇಕು. ಆರು ತಾಸಿಗೊಮ್ಮೆ ನುಂಗುವ ಗುಳಿಗೆಯಾದರೆ ಮೂವತ್ತು ತಾಸು. ಗುಳಿಗೆ ನುಂಗದೆ ಹೋದರೂ ಆಯಿತೆನ್ನುವಂತಿಲ್ಲ. ನೆಗಡಿಯಲ್ಲಿ ಕಿವಿ–ಮೂಗಿನ ನಡುವಿನ ನಾಳ ಕಟ್ಟಿರುತ್ತದೆ, ಕೆಳಗಿಳಿಯುವಾಗ ಗಾಳಿಯ ಒತ್ತಡ ಏರಿ ಕಿವಿ ಸಿಡಿಯುವಂತೆ ನೋಯುತ್ತದೆ, ತಲೆ ತಿರುಗಲೂಬಹುದು. ಅದೂ ವಿಮಾನ ಇಳಿಸಬೇಕಾದ ಹೊತ್ತಿಗೇ.

“ಅನುಭವ ಇದ್ದವರಿಗೆ ಇವೆಲ್ಲ ಲೆಕ್ಕಕ್ಕಿಲ್ರಿ” ಎಂದರು ಪೇಢಾ ಅಪ್ಪ. ಅವರಿಗೆ ಮಂಗಳೂರನ್ನು ನೆನಪಿಸಿದೆ. 2010ರ ಮೇ 22, ಬೆಳಗಿನ ಆರರ ಸುಮಾರಿಗೆ ದುಬೈಯಿಂದ ಬಂದ ವಿಮಾನ. ಕ್ಯಾಪ್ಟನ್‌ಗೆ ಹತ್ತು ಸಾವಿರ ತಾಸಿಗೂ ಮೀರಿದ ಅನುಭವ. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಸಿಕ್ಕಿದ್ದು ಅವರ ಗೊರಕೆ. ಹಾರಾಟದ ಬಹುಪಾಲು ನಿದ್ದೆ ಹೋಗಿದ್ದವರು ಎದ್ದು ವಿಮಾನ ಇಳಿಸಲು ಕೂತರು. ಎದ್ದ ಕೂಡಲೇ ಮಿದುಳು ಏಳುವುದಿಲ್ಲ. ಕಣ್ಣು ತೆರೆದಿದ್ದರೂ ತೀರ್ಮಾನ ಮಲಗಿಯೇ ಇರುತ್ತದೆ. ವಿಚಾರಣೆಯ ವರದಿ ಈ ನಿದ್ದೆಯ ಜಡ್ಡನ್ನು ಎತ್ತಿ ಹೇಳಿತು. ವಿಮಾನ ತೀರ ಎತ್ತರದಲ್ಲಿ, ತೀರ ವೇಗದಲ್ಲಿ ಬರುತ್ತಿತ್ತು. ಪಕ್ಕದ ಪೈಲಟ್ ಮತ್ತೆ ಮತ್ತೆ ಹೇಳಿದರು, ಇಳಿಸಬೇಡಿ, ಮೇಲೆತ್ತಿ ಸುತ್ತು ಹಾಕಿ ಬನ್ನಿ ಎಂದು. ಕ್ಯಾಪ್ಟನ್ ಕೇಳಲಿಲ್ಲ. ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಐದು ಸಾವಿರ ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಗುಡ್ಡದ ಮೇಲಿನ ರನ್‌ವೇ, ಮುಂದೆ ಕಣಿವೆ. 158 ಜನ ಸತ್ತರು, ಉಳಿದವರು ಎಂಟು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ಅದು ಹಣೆಬರಹ ಬಿಡ್ರಿ” ಎಂದರು.

ನನಗೆ ಸಿಟ್ಟು ಬಂದದ್ದು ಆಗ. ಪೈಲಟ್‌ಗಳನ್ನು ಕೊಲ್ಲುವ ಐದು ಮನೋಭಾವಗಳಿವೆ ಎಂದು ಅಮೆರಿಕದವರು ಪಾಠ ಮಾಡುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ, ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ತಾಸು ನಿಂತರೆ ಐದೂ ಕಿವಿಗೆ ಬೀಳುತ್ತವೆ. “ನನಗ್ಯಾಂವ ಹೇಳಾಂವ?”, “ಲಗು ನಡಿ, ಆಮ್ಯಾಲ ನೋಡಮು”, “ಏನ್ ಆಗಲ್ ತಗೋ”, “ನಾ ಮಾಡಿ ತೋರಸ್ತೀನಿ”, ಕೊನೆಗೆ ಎಲ್ಲ ಮುರಿದುಬಿದ್ದ ಮೇಲೆ “ಹಣೆಬರಹ”. ಹೆಲ್ಮೆಟ್ ಇಲ್ಲದೆ ಜಗತ್ ಸರ್ಕಲ್ ದಾಟುವವನ ಬಾಯಲ್ಲಿ ಈ ಮಾತುಗಳು ಹೇಗೋ ನಡೆದುಹೋಗುತ್ತವೆ. ಅದೇ ಬಾಯಿ ಎರಡು ಸಾವಿರ ಅಡಿ ಮೇಲೆ ಹೋದರೆ?

ಅಮೆರಿಕದವರೂ ಸಾಚಾ ಅಲ್ಲ ಬಿಡಿ. ಅಧ್ಯಕ್ಷ ಕೆನೆಡಿಯ ಮಗ ಖಾಸಗಿ ಪೈಲಟ್ ಆಗಿದ್ದವ. 1999ರ ಜುಲೈ 16ರ ರಾತ್ರಿ, ಸಮುದ್ರದ ಮೇಲೆ ಮಬ್ಬು ಕವಿದು ದಿಗಂತ ಕಾಣದಿದ್ದಾಗ ಹಾರಿದ. ದಿಗಂತ ತಪ್ಪಿದರೆ ಒಳಗಿವಿ ಸುಳ್ಳು ಹೇಳಲು ಶುರು ಮಾಡುತ್ತದೆ. ವಾಲಿದ ವಿಮಾನ ನೆಟ್ಟಗಿದ್ದಂತೆ ಅನ್ನಿಸುತ್ತದೆ. ಹೆಂಡತಿ, ಆಕೆಯ ಅಕ್ಕನೊಂದಿಗೆ ನೀರಿಗೆ ಬಿದ್ದ.

ಸರಿಯಾದ ತೀರ್ಮಾನ ಹೇಗಿರುತ್ತದೆಂದು ನೋಡಲು ನಮ್ಮ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. 2023ರ ಮಾರ್ಚ್ 6ರಂದು ಯಡಿಯೂರಪ್ಪನವರ ಹೆಲಿಕಾಪ್ಟರ್ ಜೇವರ್ಗಿಯಲ್ಲಿ ಇಳಿಯಬೇಕಿತ್ತು. ಇನ್ನೇನು ನೆಲ ಮುಟ್ಟಬೇಕು, ಹೆಲಿಪ್ಯಾಡ್ ಸುತ್ತಲಿನ ಪ್ಲಾಸ್ಟಿಕ್ ಹಾಳೆಗಳು ಗಾಳಿಗೆ ಎದ್ದವು. ಕೆಳಗೆ ಜನ, ಒಳಗೆ ಮಾಜಿ ಮುಖ್ಯಮಂತ್ರಿ. ಪೈಲಟ್ ಇಳಿಸಲಿಲ್ಲ, ಮೇಲೆತ್ತಿದ. ಕಸ ತೆಗೆದ ಮೇಲೆ ಬಂದು ಇಳಿಸಿದ. ಆ ವಿಡಿಯೋ ನೋಡಿದವರೆಲ್ಲ ಯಡಿಯೂರಪ್ಪನವರ ಅದೃಷ್ಟವನ್ನು ಹೊಗಳಿದರು. ಮೇಲೆತ್ತಿದವನಿಗೆ ಯಾರೂ ಹಾರ ಹಾಕಿದ್ದು ಕಾಣಲಿಲ್ಲ.

ಪೇಢಾ ಅಪ್ಪನವರಲ್ಲಿ ಒಂದು ವಿನಂತಿ. ನಿಮ್ಮ ಹುಡುಗ ಯಾವತ್ತಾದರೂ ಫೋನು ಮಾಡಿ “ಅಪ್ಪಾ, ಇವತ್ತು ಮೈ ಸರಿ ಇರಲಿಲ್ಲ, ಹಾರಲಿಲ್ಲ” ಅಂದರೆ ಆವತ್ತು ಹಂಚಿ ಪೇಢಾ. ಅರ್ಧ ಅಲ್ಲ, ಒಂದಿಡೀ ತಿನ್ನುತ್ತೇನೆ. ಸಕ್ಕರೆ ಕಾಯಿಲೆಯೇ? ಏನ್ ಆಗಲ್ ತಗೋರಿ.