ಮೊದಲು ಕಲ್ಲು ಮಟ್ಟ ಮಾಡಿ, ಆಮೇಲೆ ಕತ್ತಿ ಮುಟ್ಟಿ

ನಮ್ಮ ಐಟಿ ಹುಡುಗರಲ್ಲಿ ಕೆಲವರಿಗೆ ಈಗ ಸ್ಟ್ರೇಟ್ ರೇಜರ್ ಹುಚ್ಚು ಹತ್ತಿದೆ. ಸೋಲಿಂಗೆನ್‌ನದ್ದೋ ಶೆಫೀಲ್ಡ್‌ನದ್ದೋ ಹಳೇ ಕತ್ತಿ ತರಿಸಿ, ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ಮುಂಚೆ ನೊರೆ ಎಬ್ಬಿಸಿಕೊಂಡು ಗಡ್ಡ ಹೆರೆಯೋದು. ಮಾಡಲಿ, ಬೇಡ ಅನ್ನೋಕೆ ನಾನ್ಯಾರು? ನಂಗೂ ಆ ಚಟ ಇದೆ. ನನ್ನ ತಕರಾರು ಬೇರೆ. ಹೊಸದಾಗಿ ಶುರು ಮಾಡಿದವರೆಲ್ಲ ಕೇಳೋ ಮೊದಲ ಪ್ರಶ್ನೆ ಒಂದೇ: "ಗುರು, ಫಿನಿಶಿಂಗಿಗೆ ಯಾವ ಕಲ್ಲು? 12000 ಗ್ರಿಟ್ ಸಾಕಾ, 30000 ಬೇಕಾ?" ಕಲ್ಲನ್ನ ಮಟ್ಟ ಮಾಡೋಕೆ ಏನು ತಗೊಳ್ಳಲಿ ಅಂತ ಮೊದಲು ಕೇಳಿದ ಒಬ್ಬನೇ ಒಬ್ಬ ಪುಣ್ಯಾತ್ಮ ನಂಗಿನ್ನೂ ಸಿಕ್ಕಿಲ್ಲ.

ನೇರವಾಗಿ ಹೇಳ್ತೀನಿ. ತಗ್ಗು ಬಿದ್ದ 12000ದ ಕಲ್ಲು ದುಬಾರಿ ಪೇಪರ್‌ವೇಟು. ನಿಮ್ಮ ಬಜೆಟ್ಟಿನ ಮೊದಲ ದುಡ್ಡು ಕಲ್ಲು ಮಟ್ಟ ಮಾಡೋ ಡೈಮಂಡ್ ಪ್ಲೇಟಿಗೆ ಹೋಗಬೇಕು, ಎರಡನೇದು 1000ದ ಕಲ್ಲಿಗೆ. ನುಣುಪು ಕಲ್ಲಿನ ಸರದಿ ಕೊನೆಗೆ.

ಯಾಕೆ ಅಂತೀರಾ? ಅಡುಗೆಮನೆ ಚಾಕು ಮಸೆಯುವಾಗ ಕೋನ ನಿಮ್ಮ ಕೈಯಲ್ಲಿರುತ್ತೆ. ರೇಜರ್‌ನಲ್ಲಿ ಹಾಗಲ್ಲ. ಅದರ ಬೆನ್ನು, ಅಂಚು ಎರಡನ್ನೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಿಸಿ ಎಳೀಬೇಕು. ಬೆನ್ನಿನ ದಪ್ಪ, ಅಲಗಿನ ಅಗಲ ಸೇರಿ ಕೋನವನ್ನ ಮೊದಲೇ ನಿಗದಿ ಮಾಡಿರುತ್ತವೆ, ಸಾಮಾನ್ಯವಾಗಿ 16-17 ಡಿಗ್ರಿ ಆಸುಪಾಸು. ಅಂದ್ರೆ ಇಡೀ ಲೆಕ್ಕಾಚಾರ ನಿಂತಿರೋದು ಕೆಳಗಿರೋ ಮೇಲ್ಮೈ ಮಟ್ಟವಾಗಿದೆ ಅನ್ನೋ ಒಂದೇ ನಂಬಿಕೆಯ ಮೇಲೆ. ಕಲ್ಲಿನ ನಡುವೆ ತಗ್ಗು ಬಿದ್ದಿದ್ರೆ ಅದರ ಎರಡು ಬದಿಗಳು ಅಲಗಿನ ಬುಡವನ್ನೂ ತುದಿಯನ್ನೂ ತಿಂತಾ ಹೋಗುತ್ತವೆ. ನಡುಭಾಗಕ್ಕೆ ಕಲ್ಲು ತಾಗೋದೇ ಇಲ್ಲ. ಆಮೇಲೆ ಕೆನ್ನೆ ಮೇಲೆ ಒಂದು ಕಡೆ ಜಾರುತ್ತೆ, ಇನ್ನೊಂದು ಕಡೆ ಕೂದಲು ಕೀಳುತ್ತೆ. ಆಗ ನಮ್ಮ ಹೀರೋ ಏನ್ಮಾಡ್ತಾನೆ? ಇನ್ನೂ ನುಣುಪಾದ ಕಲ್ಲು ಆರ್ಡರ್ ಮಾಡ್ತಾನೆ!

"ನಾನು ತಗೊಂಡಿರೋದು ಜಪಾನಿನ ಒಳ್ಳೇ ಕಂಪನಿಯ ಕಲ್ಲು, ಅದಕ್ಕೆಲ್ಲ ತಗ್ಗು ಬೀಳಲ್ಲ" ಅಂತ ವಾದಿಸೋರಿದ್ದಾರೆ. ಸ್ವಾಮಿ, ಸಿಂಥೆಟಿಕ್ ಕಲ್ಲು ಅಂದ್ರೆ ಏನು? ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡಿನ ಪುಡಿ, ಅದನ್ನ ಹಿಡಿದಿಡೋಕೆ ಒಂದು ಅಂಟು. ಮಸೀತಾ ಮಸೀತಾ ಮೊಂಡಾದ ಕಣ ಉದುರಿ, ಕೆಳಗಿನ ಚೂಪು ಕಣ ಮೇಲೆ ಬರಬೇಕು. ಸವೆಯೋದು ಕಲ್ಲಿನ ದೋಷ ಅಲ್ಲ, ಅದು ಕೆಲಸ ಮಾಡೋ ರೀತಿನೇ ಅದು. ಕಿಂಗ್ 1000ದಂಥ ಮೆತ್ತನೆ ಕಲ್ಲು ಬೇಗ ತಗ್ಗಾಗುತ್ತೆ, ಶಾಪ್ಟನ್‌ನಂಥ ಗಟ್ಟಿ ಕಲ್ಲು ನಿಧಾನಕ್ಕೆ ಆಗುತ್ತೆ. ಆಗೋದಂತೂ ಆಗುತ್ತೆ. ಹೊಸ ಕಲ್ಲು ಕೂಡ ಡಬ್ಬದಿಂದ ಪೂರ್ತಿ ಮಟ್ಟವಾಗಿಯೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಎರಡನೇ ವಾದ: "ಮಟ್ಟ ಮಾಡ್ತಾ ಹೋದ್ರೆ ದುಬಾರಿ ಕಲ್ಲು ಕರಗಿಹೋಗಲ್ವಾ?" ಶಾಪ್ಟನ್ ಕುರೊಮಾಕು ಕಲ್ಲು 15 ಮಿಲಿಮೀಟರ್ ದಪ್ಪ. ನಾನಿವಾ ಸೂಪರ್ ಸ್ಟೋನ್ 10 ಮತ್ತು 20 ಮಿಲಿಮೀಟರಿನಲ್ಲಿ ಸಿಗುತ್ತೆ. ಮನೆಯಲ್ಲಿ ಒಂದೆರಡು ರೇಜರ್ ಮಸೆಯೋನಿಗೆ ಇದು ವರ್ಷಗಟ್ಟಲೆ ಬರುತ್ತೆ. ಆಗಾಗ ಮಟ್ಟ ಮಾಡಿದ್ರೆ ಪ್ರತಿ ಸಲ ಹೋಗೋದು ಒಂದು ತೆಳು ಪದರ. ತಗ್ಗು ಬಿದ್ದ ಮೇಲೆ ಮಾಡಿದ್ರೆ ತಗ್ಗಿನ ಆಳದಷ್ಟೂ ಕಲ್ಲು ಹೋಗುತ್ತೆ. ಮಾಡದೇ ಇದ್ರೆ ಹೋಗೋದು ರೇಜರಿನ ಉಕ್ಕು. ಕಲ್ಲು ಇನ್ನೊಂದು ತರಬಹುದು, ನೂರು ವರ್ಷದ ಶೆಫೀಲ್ಡ್ ಅಲಗನ್ನ ಎಲ್ಲಿಂದ ತರ್ತೀರಿ?

ಮೂರನೇದು: "ಎರಡು ಕಲ್ಲು ಒಂದಕ್ಕೊಂದು ಉಜ್ಜಿದ್ರೆ ಸಾಕು." ಸಾಕಾಗಲ್ಲ. ಒಂದು ಉಬ್ಬಿ, ಇನ್ನೊಂದು ತಗ್ಗಾಗಿ, ಎರಡೂ ಗಂಡ-ಹೆಂಡಿರ ಹಾಗೆ ಚೆನ್ನಾಗಿ ಹೊಂದಿಕೊಂಡುಬಿಡಬಹುದು, ಮಟ್ಟ ಮಾತ್ರ ಯಾವುದೂ ಇರಲ್ಲ. ಜೋಸೆಫ್ ವಿಟ್‌ವರ್ತ್ ಅನ್ನೋ ಇಂಗ್ಲಿಷ್ ಎಂಜಿನಿಯರು ನಿಜವಾದ ಸಮತಲ ಮಾಡೋದು ಹೇಗೆ ಅಂತ 1840ರಲ್ಲೇ ಗ್ಲಾಸ್ಗೋದಲ್ಲಿ ಪ್ರಬಂಧ ಓದಿದ್ದ. ಆ ಕಾಲದ ಉಪಾಯ ಮೂರು ಫಲಕಗಳದ್ದು: ಜೋಡಿ ಬದಲಿಸಿ ಬದಲಿಸಿ ಹೋಲಿಸೋದು, ಉಬ್ಬಿದ ಕಡೆ ಹೆರೆಯೋದು. ಮೂರೂ ಪರಸ್ಪರ ಹೊಂದಬೇಕು ಅಂದ್ರೆ ಮೂರೂ ಮಟ್ಟ ಆಗಲೇಬೇಕು. ಬಿಇ ಓದುವಾಗ ವಿಟ್‌ವರ್ತ್ ಥ್ರೆಡ್ ಅಂತ ಬಾಯಿಪಾಠ ಮಾಡಿದೀವಲ್ಲ, ಅದೇ ಪುಣ್ಯಾತ್ಮ.

ಇನ್ನು ನನ್ನಂಥ ಹಳ್ಳಿ ಹುಡುಗರ ವಾದ: "ನಮ್ಮಜ್ಜ ದೋಣಿ ಥರ ಬಗ್ಗಿದ ಸಾಣೆಕಲ್ಲಲ್ಲೇ ಕುಡುಗೋಲು ಮಸೀತಿದ್ದ, ಹುಲ್ಲು ಕೊಯ್ದಿಲ್ವಾ?" ಕೊಯ್ದಿದ್ದಾನೆ. ಕುಡುಗೋಲಿನ ಅಂಚೇ ಬಾಗಿರೋದು, ಹುಲ್ಲಿಗೆ ನೋವಾಗಲ್ಲ. ಕೈ ಪಳಗಿದವರು ಕೊಂಚ ತಗ್ಗಿರೋ ಕಲ್ಲಲ್ಲೂ ರೇಜರ್ ಮಸೆದು ತೋರಿಸ್ತಾರೆ, ಅದನ್ನೂ ಒಪ್ಕೋತೀನಿ. ಆ ಕೈ ವರ್ಷಾನುಗಟ್ಟಲೆ ದಿನಾ ಮಸೆದು ಬಂದಿದ್ದು. ವೀಕೆಂಡ್‌ನಲ್ಲಿ ಎರಡು ವಿಡಿಯೋ ನೋಡಿದವನ ಕೈಗೆ ಆ ರಿಯಾಯಿತಿ ಇಲ್ಲ.

ಕೆಲಸ ಏನು ಮಹಾ ಕಷ್ಟಾನಾ? ಕಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ ಚೌಕುಳಿ ಗೆರೆ ಹಾಕಿ. ನಲ್ಲಿ ಕೆಳಗೆ ಹಿಡಿದು ಡೈಮಂಡ್ ಪ್ಲೇಟಿನಿಂದ ಉಜ್ಜಿ. ತಗ್ಗಿರೋ ಕಡೆ ಗೆರೆ ಉಳಿಯುತ್ತೆ. ಎಲ್ಲಾ ಗೆರೆ ಹೋಗೋ ತನಕ ಉಜ್ಜಿ, ಇನ್ನೊಮ್ಮೆ ಗೆರೆ ಹಾಕಿ ಪರೀಕ್ಷಿಸಿ. ಪ್ಲೇಟಿಗೆ ದುಡ್ಡಿಲ್ವಾ? ದಪ್ಪ ಫ್ಲೋಟ್ ಗ್ಲಾಸ್ ಮೇಲೆ ವಾಟರ್ ಪೇಪರ್ ಹಾಸಿ ಉಜ್ಜಿ. ಆ ಗಾಜನ್ನ ಕರಗಿದ ತವರದ ಮೇಲೆ ತೇಲಿಸಿ ಮಾಡೋದು, ಅದಕ್ಕೇ ಅಷ್ಟು ಮಟ್ಟ. ಅಡುಗೆಮನೆ ಗ್ರಾನೈಟ್ ಕಟ್ಟೆ ನಂಬಬೇಡಿ. ಕಲ್ಲಿನ ಚೂಪು ಅಂಚುಗಳನ್ನ ಸ್ವಲ್ಪ ಸವರಿ ಗುಂಡಗೆ ಮಾಡಿ, ಇಲ್ಲಾಂದ್ರೆ ಅಲಗಿಗೆ ಪೆಟ್ಟು. ನುಣುಪು ಕಲ್ಲನ್ನ ಮೊದಲು, ಒರಟು ಕಲ್ಲನ್ನ ಆಮೇಲೆ ಮಟ್ಟ ಮಾಡಿ, ಪ್ರತಿ ಸಲ ಚೆನ್ನಾಗಿ ತೊಳೀರಿ. ಒಂದೇ ಒಂದು ಒರಟು ಕಣ 12000ದ ಕಲ್ಲಿನ ಮೇಲೆ ಉಳಿದ್ರೆ ಅಂಚಿನ ಕತೆ ಮುಗೀತು.

ಆಮೇಲೆ 1000ದ ಕಲ್ಲು. ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿನಿಂದ ಮಸಿ ಬಳಿದು ಎಳೀರಿ. ಬುಡದಿಂದ ತುದಿ ತನಕ ಮಸಿ ಒಂದೇ ಸಮ ಅಳಿಸಿ, ಅಂಚಿನ ಉದ್ದಕ್ಕೂ ಎಲ್ಲಿಟ್ಟರೂ ತೋಳಿನ ಕೂದಲು ಕತ್ತರಿಸೋ ತನಕ ಮುಂದಿನ ಕಲ್ಲಿಗೆ ಕೈ ಹಾಕಬೇಡಿ. ಜಪಾನಿನ ಜೆಐಎಸ್ ಅಳತೆಯಲ್ಲಿ 1000ದ ಕಣ ಸುಮಾರು 11-12 ಮೈಕ್ರಾನ್, 8000ದ್ದು ಸುಮಾರು 1.2. ಅಷ್ಟು ಸಣ್ಣ ಕಣಕ್ಕೆ ಹೊಳಪು ಕೊಡೋದು ಗೊತ್ತು, ಕೆಳಗಿನ ತಪ್ಪು ತಿದ್ದೋದು ಗೊತ್ತಿಲ್ಲ. ಬಗ್ ಇರೋ ಬ್ಯಾಕೆಂಡಿಗೆ ಹೊಸ ಯುಐ ಹಾಕಿದ ಹಾಗೆ.

ಇಷ್ಟು ಸುಲಭದ ಕೆಲಸವನ್ನ ಯಾಕೆ ಯಾರೂ ಮಾಡಲ್ಲ? ನಂಗನ್ನಿಸೋದು ಇದು: ಅದು ನಮಗೆ ಕೂಲಿ ಕೆಲಸದ ಥರ ಕಾಣುತ್ತೆ. ಕೈಯೆಲ್ಲ ಕೆಸರು, ಫೋಟೋ ಹಾಕೋ ಹಾಗಿಲ್ಲ, ಕೊನೆಗೆ ಸಿಗೋದು ಮೊದಲಿದ್ದ ಅದೇ ಕಲ್ಲು. ಕತ್ತಿ ಮಸೆದು ಊರಿನ ಗಡ್ಡವನ್ನೆಲ್ಲ ಹೆರೆದವರ ಜಾತಿಯ ಹೆಸರನ್ನೇ ಬೈಗುಳ ಮಾಡ್ಕೊಂಡ ಸಮಾಜ ನಮ್ದು. ಸೋಂಕಿನ ಭಯಕ್ಕೆ ಸೆಲೂನುಗಳು ಬ್ಲೇಡ್ ಸಿಕ್ಕಿಸೋ ಕತ್ತಿಗೆ ಬದಲಾದವು, ಅದು ಒಳ್ಳೇದೇ ಆಯ್ತು. ಈಗ ಅದೇ ಹಳೇ ಕತ್ತಿ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದೆ, ನಾವು ಅದಕ್ಕೆ 'ಕ್ರಾಫ್ಟ್' ಅಂತ ಹೆಸರಿಟ್ಟಿದೀವಿ. ಅವರು ಮಾಡಿದ್ರೆ ಕಸುಬು, ನಾವು ಮಾಡಿದ್ರೆ ಕಲೆ! ಆ ಕಲೆಯಲ್ಲೂ ಹೊಳಪಿನ ಭಾಗ ಮಾತ್ರ ನಮಗೆ ಬೇಕು, ತಳ ಸರಿ ಮಾಡೋ ಭಾಗ ಬೇಡ. ಕೈಕೆಲಸವನ್ನ ಕೀಳು ಅಂದುಕೊಂಡ ಆ ಹಳೇ ರೋಗ ವಾಸಿಯಾಗಿಲ್ಲ, ಬರೀ ಪಿನ್‌ಕೋಡ್ ಬದಲಾಗಿದೆ.

ಆ ಕಸುಬಿನವರಿಗೆ ಗೌರವ ಕೊಡ್ತೀನಿ ಅನ್ನೋರು ಕಾರ್ಟಿನಲ್ಲಿರೋ 12000ದ ಕಲ್ಲನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಮನೇಲಿರೋ ಕಲ್ಲಿನ ಮೇಲೆ ಇವತ್ತು ಸಂಜೆ ಪೆನ್ಸಿಲ್ ಗೆರೆ ಎಳೆದು ಉಜ್ಜಿ ನೋಡಿ. ನಡುವೆ ಎಷ್ಟು ಗೆರೆ ಉಳಿಯುತ್ತೋ, ನಿಮ್ಮ ಕೆಲಸ ಅಷ್ಟು ಬಾಕಿ ಇದೆ ಅಂತ ಲೆಕ್ಕ.