ಬಾಟಲಿಗೆ ಅಂಟಿಸಿದ ರಾಷ್ಟ್ರಾಭಿಮಾನ

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋ ನಗರದಲ್ಲೇ ಬಿಡುಗಡೆ ಮಾಡಿತು. ಅಂದಿನಿಂದ ಹೊಸ ಬಗೆಯ ದೇಶಭಕ್ತಿಯೊಂದು ಹುಟ್ಟಿಕೊಂಡಿದೆ. ವಿಸ್ಕಿಯ ತವರಿಗೇ ಹೋಗಿ ವಿಸ್ಕಿ ಮಾರಿದೆವಲ್ಲ ಎಂಬ ಹೆಮ್ಮೆ! 2007ರಲ್ಲಿ ರಾಜ್ಯ ಸರಕಾರ ವೈನ್ ನೀತಿಯನ್ನು ರೂಪಿಸಿತು. ತೋಟ ಸುತ್ತಿ ವೈನ್ ಸವಿಯುವುದಕ್ಕೆ ಪ್ರವಾಸೋದ್ಯಮವೆಂಬ ಗೌರವದ ಹೆಸರು ದೊರೆಯಿತು. ನಮ್ಮ ನೆರೆಯ ಹಂಪಿಯ ಬೆಟ್ಟಗಳ ಹೆಸರೂ ಬಾಟಲಿಯ ಮೇಲೇರಿದೆ. ಅದೇ ವರ್ಷ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಬಡವನ ಪ್ಯಾಕೆಟ್ ಅಪರಾಧ, ಸಿರಿವಂತನ ಲೋಟ ಸಂಸ್ಕೃತಿ! ಬಾರಿನ ಬಾಗಿಲು ಮಾತ್ರ ಇಬ್ಬರಿಗೂ ತೆರೆದೇ ಇತ್ತು.

ನಾವು ಅನುಕರಿಸಹೊರಟ ಸ್ಕಾಟ್‌ಲ್ಯಾಂಡಿನ ಸ್ಥಿತಿ ಏನು? ಅಲ್ಲಿ ವಿಸ್ಕಿ ರಾಷ್ಟ್ರಲಾಂಛನದಂತಿದೆ. ಭಟ್ಟಿಗಳನ್ನು ನೋಡಲೆಂದೇ ಜಗತ್ತಿನ ಪ್ರವಾಸಿಗರು ಬರುತ್ತಾರೆ. ಅದೇ ನಾಡಿನಲ್ಲಿ 2023ರಲ್ಲಿ ನೇರವಾಗಿ ಮದ್ಯದ ಕಾರಣದಿಂದಲೇ ಸತ್ತವರು 1,277 ಮಂದಿ. ಅಗ್ಗದ ಮದ್ಯಕ್ಕೆ ಕನಿಷ್ಠ ಬೆಲೆ ನಿಗದಿಪಡಿಸುವ ಕಾಯ್ದೆಯನ್ನು ಅಲ್ಲಿನ ಸಂಸತ್ತು 2012ರಲ್ಲಿ ಅಂಗೀಕರಿಸಿದಾಗ ನ್ಯಾಯಾಲಯದ ಮೆಟ್ಟಿಲೇರಿದವರು ಯಾರು? ವಿಸ್ಕಿ ಉದ್ಯಮದ ಸಂಘವೇ. ಕಾಯ್ದೆ ಜಾರಿಗೆ ಬರಲು 2018ರ ಮೇ ತಿಂಗಳವರೆಗೆ ಕಾಯಬೇಕಾಯಿತು. ನಾಡಿನ ಹೆಮ್ಮೆ ಎನಿಸಿಕೊಂಡದ್ದು ನಾಡಿನ ಆರೋಗ್ಯದ ವಿರುದ್ಧವೇ ವಕೀಲರನ್ನು ನಿಲ್ಲಿಸಿತು.

ಸಂವಿಧಾನದ 47ನೇ ವಿಧಿಯು ಪಾನನಿಷೇಧಕ್ಕೆ ಯತ್ನಿಸಬೇಕೆಂದು ಸರಕಾರಕ್ಕೆ ನಿರ್ದೇಶಿಸುತ್ತದೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ. ಆದರೆ ರಾಜ್ಯದ 2025-26ರ ಬಜೆಟ್ ಅಬಕಾರಿಗೆ ನಿಗದಿಪಡಿಸಿದ ಗುರಿ 40,000 ಕೋಟಿ ರೂಪಾಯಿ. ಕುಡಿತವನ್ನು ಕಡಿಮೆ ಮಾಡಬೇಕಾದವರೇ ಇಂಥ ಗುರಿ ಇಟ್ಟುಕೊಂಡರೆ ಅದನ್ನು ತುಂಬಬೇಕಾದವರು ಯಾರು? ವಿದೇಶಿ ಪ್ರವಾಸಿಗರಲ್ಲ. ಭಾಗ್ಯನಗರದಲ್ಲಿ ಮಗ್ಗದ ಮುಂದೆ ಕುಳಿತವರು, ಕೂದಲು ಬಿಡಿಸುವ ಕೂಲಿಯಿಂದ ಒಲೆ ಹಚ್ಚುವ ಹೆಂಗಸರ ಗಂಡಂದಿರು.

2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಅದೂ ಒಂದು ಪ್ರವಾಸವೇ, ಆದರೆ ಯಾವ ಇಲಾಖೆಯೂ ಅದಕ್ಕೆ ಜಾಹೀರಾತು ಕೊಡಲಿಲ್ಲ.

ನಾವಾದರೋ, ಮದ್ಯ ನಮಗೆ ಹರಾಮ್, ಉಳಿದದ್ದು ಅವರವರ ಪಾಡು ಎಂದು ಸುಮ್ಮನಿದ್ದೇವೆ. ನಮ್ಮ ಮೊಹಲ್ಲಾಗಳ ಯುವಕರೂ ಬಾರಿನ ಹಿಂಬಾಗಿಲನ್ನು ಬಲ್ಲರೆಂಬುದು ಮನೆಯವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಶಾಲೆಯ ಪಕ್ಕ ಮದ್ಯದಂಗಡಿ ಬಂದಾಗ ನೆರೆಯ ಹಿಂದೂ ತಾಯಂದಿರ ಜೊತೆ ಜಿಲ್ಲಾಧಿಕಾರಿಯ ಕಚೇರಿಗೆ ಹೋಗಿ ಮನವಿ ಕೊಡಲು ನಮ್ಮ ಜಮಾಅತ್‌ಗಳಿಗೆ ಅಡ್ಡಿಯಾದದ್ದೇನು?