ಗೋಡೆಗೆ ತೊಡಿಸಿದ ಲೋಹದ ಅಂಗಿ

ಬೆಂಗಳೂರಿನ ಪೂರ್ವಭಾಗದ ಕಮ್ಮನಹಳ್ಳಿ ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದು ಬಹುಕಾಲವಾಯಿತು. ಅದರ ಮುಖ್ಯರಸ್ತೆಯ ಇಕ್ಕೆಲಗಳಲ್ಲಿ ಬಟ್ಟೆಯಂಗಡಿಗಳೂ ಹೋಟೆಲುಗಳೂ ಒತ್ತೊತ್ತಾಗಿ ನಿಂತಿವೆ. ಚಿಕ್ಕ ಚಿಕ್ಕ ಸೈಟುಗಳಲ್ಲಿ ಎದ್ದ ಮೂರು ನಾಲ್ಕು ಅಂತಸ್ತಿನ ಅನೇಕ ಕಟ್ಟಡಗಳು ತಮ್ಮ ಇಟ್ಟಿಗೆ ಗಾರೆಯ ಮುಖವನ್ನು ಹೊಳೆಯುವ ಲೋಹದ ಹಲಗೆಗಳಿಂದ ಮುಚ್ಚಿಕೊಂಡಿವೆ. ವ್ಯಾಪಾರದವರ ಬಾಯಲ್ಲಿ ಇದು ‘ಎಸಿಪಿ ಶೀಟು’. ಬಿಡಿಸಿ ಹೇಳಿದರೆ ಅಲ್ಯುಮಿನಿಯಂ ಕಾಂಪೋಸಿಟ್ ಪ್ಯಾನೆಲ್. ‘ಎಲಿವೇಶನ್ ಮಾಡಿಸುವುದು’ ಎಂದರೆ ಬಹುಮಟ್ಟಿಗೆ ಇದನ್ನು ಹೊದಿಸುವುದೆಂದೇ ಇಂದು ಅರ್ಥ.

ಮಲೆನಾಡಿನ ಪತ್ರಿಕೆಗೆ ಬೆಂಗಳೂರಿನ ಗೋಡೆಯ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಕಾರಣ ಎರಡು. ನಮ್ಮ ಊರುಗಳ ಮಕ್ಕಳು ದುಡಿಯುವುದೂ ಬಾಡಿಗೆಗಿರುವುದೂ ಇಂತಹ ಬಡಾವಣೆಗಳಲ್ಲಿಯೇ. ಅದಕ್ಕಿಂತ ಮುಖ್ಯವಾಗಿ, ಆ ಹಲಗೆಯ ಲೋಹ ಹುಟ್ಟುವುದು ಬೆಟ್ಟದ ನೆತ್ತಿಯಲ್ಲಿ.

ಈ ಹೊದಿಕೆ ಬಿಸಿಲನ್ನು ತಡೆಯುತ್ತದೆ ಎಂಬ ಮಾತಿನಿಂದಲೇ ಆರಂಭಿಸೋಣ. ಸಾಮಾನ್ಯವಾಗಿ ಬಳಕೆಯಲ್ಲಿರುವ ಹಲಗೆಯ ಒಟ್ಟು ದಪ್ಪ 3 ಅಥವಾ 4 ಮಿಲಿಮೀಟರ್. ಎರಡು ಬದಿಗೆ ಕಾಗದದಂತಹ ಅಲ್ಯುಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್ಕಿನ ತಿರುಳು. ಅಲ್ಯುಮಿನಿಯಂ ಶಾಖವನ್ನು ಸರಾಗವಾಗಿ ಸಾಗಿಸುವ ಲೋಹ. ಆ ತೆಳುವಾದ ತಿರುಳಾದರೋ, ಒಂಬತ್ತಂಗುಲದ ಇಟ್ಟಿಗೆ ಗೋಡೆ ಒಡ್ಡುವ ತಡೆಯ ಸುಮಾರು 30ರಲ್ಲಿ ಒಂದು ಪಾಲನ್ನು ಮಾತ್ರ ಒಡ್ಡಬಲ್ಲದು. ಹೊದಿಕೆಯಿಂದ ಒಳಗೆ ತಂಪು ಬಂದರೆ ಅದಕ್ಕೆ ಕಾರಣ ಹಲಗೆಯಲ್ಲ. ಅದು ಗೋಡೆಯ ಮೇಲೆ ಬೀಳಿಸುವ ನೆರಳು, ಹಲಗೆಗೂ ಗೋಡೆಗೂ ನಡುವೆ ಕೆಳಗಿನಿಂದ ಮೇಲಕ್ಕೆ ಹರಿಯುವ ಗಾಳಿ, ಮತ್ತು ಬಿಸಿಲನ್ನು ಹಿಂದಕ್ಕೆಸೆಯುವ ತಿಳಿಬಣ್ಣ. ಈ ಮೂರೂ ಇಲ್ಲದೆ ಗಾಳಿಯ ದಾರಿಯನ್ನು ಮುಚ್ಚಿ, ಕಡುಗಪ್ಪು ಹಲಗೆಯನ್ನು ಪಡುವಣ ಗೋಡೆಗೆ ಹೊಡೆಸಿದರೆ, ಮಾಲೀಕ ಹಣ ಕೊಟ್ಟು ಕಾವಲಿಯನ್ನು ಕೊಂಡಂತೆಯೇ ಸರಿ. ಬಿಸಿಲಿಗೆ ಲೋಹ ಹಿಗ್ಗುತ್ತದೆ ಎಂಬುದನ್ನೂ ಮರೆಯಬಾರದು. ಎಂಟಡಿ ಉದ್ದದ ಶೀಟು 50 ಡಿಗ್ರಿ ಏರಿಳಿತಕ್ಕೆ ಸುಮಾರು 3 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಸಂದಿಗಳಲ್ಲಿ ಅದಕ್ಕೆ ಎಡೆಯಿಲ್ಲದಿದ್ದರೆ ಹಲಗೆ ಉಬ್ಬುತ್ತದೆ, ಸೀಲೆಂಟು ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಗೋಡೆಗೆ ಇಳಿಯುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಪ್ರಕೃತಿ ಕೊಟ್ಟ ವರವೆಂದರೆ ಅದರ ರಾತ್ರಿಯ ತಂಗಾಳಿ. 2016ರ ಏಪ್ರಿಲ್‌ನಲ್ಲಿ ಆ ನಗರದ ತಾಪಮಾನ 39.2 ಡಿಗ್ರಿಗೆ ಏರಿತ್ತು. ಅಂತಹ ದಿನಗಳಲ್ಲಿಯೂ ಇರುಳಿನಲ್ಲಿ ತೆರೆದ ಕಿಟಕಿಯೊಂದು ಗೋಡೆಯ ಕಾವನ್ನು ಇಳಿಸಬಲ್ಲದು. ಆದರೆ ಅಂಗಡಿಯ ಮುಖ ಒಂದೇ ನುಣುಪಿನ ಫಲಕವಾಗಿ ಕಾಣಲೆಂದು ಆ ಕಿಟಕಿಗಳ ಮೇಲೆಯೇ ಹಲಗೆ ಹೊಡೆಯುವುದುಂಟು. ಆಮೇಲೆ ಹಗಲಿರುಳೂ ಎ.ಸಿ. ಯಂತ್ರವೇ ಗತಿ.

ಮುಚ್ಚಿದ ಕಿಟಕಿಯ ಬೆಲೆ ಕರೆಂಟಿನ ಬಿಲ್ಲಿನಲ್ಲಿಯೇ ಮುಗಿಯುವುದಿಲ್ಲ. 2010ರ ಫೆಬ್ರವರಿ 23ರಂದು, ಬೆಂಗಳೂರಿನ ಪೂರ್ವಭಾಗದಲ್ಲಿಯೇ ಇರುವ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಅಲ್ಲಿ ಹೊತ್ತಿದ್ದು ವಿದ್ಯುತ್ ತಂತಿಗಳ ಕೊಳವೆಮಾರ್ಗ, ಎಸಿಪಿಯಲ್ಲ. ಆದರೆ ಜನರನ್ನು ಕಂಗೆಡಿಸಿದ್ದು ಮೊಹರು ಹಾಕಿದಂತಿದ್ದ ಕಟ್ಟಡದೊಳಗೆ ತುಂಬಿಕೊಂಡ ಹೊಗೆ. ಗಾಜು ಒಡೆದು ಮೇಲಿನಿಂದ ಧುಮುಕಿದವರೂ ಇದ್ದರು. ಹೊಗೆಗೆ ಹೊರದಾರಿಯಿಲ್ಲದ ಕಟ್ಟಡ ಏನಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಇನ್ನು ಹೊದಿಕೆಯೇ ಹೊತ್ತಿಕೊಂಡರೆ? 2015ರ ಕೊನೆಯ ರಾತ್ರಿ ಬಿಸಿಲುನಾಡಾದ ದುಬೈನಲ್ಲಿ ‘ದಿ ಅಡ್ರೆಸ್’ ಹೋಟೆಲಿನ ಹೊರಮೈಯುದ್ದಕ್ಕೂ ಉರಿ ಹಬ್ಬಿದ್ದನ್ನು ಜಗತ್ತೇ ನೋಡಿತು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನ ಒಂದು ಅಡುಗೆಮನೆಯಲ್ಲಿ ಹುಟ್ಟಿದ ಬೆಂಕಿ ಹೊರಗಿನ ಹೊದಿಕೆಗೆ ತಗುಲಿ, 24 ಅಂತಸ್ತಿನ ಕಟ್ಟಡವನ್ನು ಆವರಿಸಿ 72 ಜೀವಗಳನ್ನು ಬಲಿ ತೆಗೆದುಕೊಂಡಿತು. ಉರಿ ಅಷ್ಟು ವೇಗವಾಗಿ ಹಬ್ಬಲು ಪಾಲಿಎಥಿಲೀನ್ ತಿರುಳಿನ ಹಲಗೆಯೇ ಪ್ರಧಾನ ಕಾರಣವೆಂದು ವಿಚಾರಣಾ ಆಯೋಗ ನಿರ್ಣಯಿಸಿತು. ಕಟ್ಟಡವನ್ನು ತಂಪಾಗಿಸುವ ಗಾಳಿಯ ಆ ಸಂದಿಯೇ ಬೆಂಕಿಗೆ ಹೊಗೆಗೂಡಾಗಿಬಿಡುತ್ತದೆ.

ಲೆಕ್ಕ ಹಾಕಿ ನೋಡಿ. 30 ಅಡಿ ಅಗಲ, 35 ಅಡಿ ಎತ್ತರದ ಮುಂಭಾಗಕ್ಕೆ 4 ಮಿಲಿಮೀಟರ್ ಹಲಗೆ ಹೊದಿಸಿದರೆ ಅದರ ತಿರುಳಿನಲ್ಲಿ ಕಾಲು ಟನ್ನಿಗೂ ಹೆಚ್ಚು ಪಾಲಿಎಥಿಲೀನ್ ಇರುತ್ತದೆ. ಉರಿದಾಗ ಹೊಮ್ಮುವ ಶಾಖದಲ್ಲಿ ಅದು ತೂಕಕ್ಕೆ ತೂಕ ಡೀಸೆಲ್‌ಗೆ ಸಮ. ಕಾಲು ಟನ್ ಡೀಸೆಲ್ಲನ್ನು ಮನೆಯ ಮುಂಗೋಡೆಗೆ ನೇತುಹಾಕಲು ಯಾರಾದರೂ ಒಪ್ಪಿಯಾರೇ?

ಅಷ್ಟೇ ಹೊದಿಕೆಗೆ, ಹಾಳೆಗಳು ಕಾಲು ಮಿಲಿಮೀಟರ್ ದಪ್ಪದವು ಎಂದುಕೊಂಡರೂ, 130 ಕಿಲೋ ಅಲ್ಯುಮಿನಿಯಂ ಬೇಕು. ಅದಿರಿನಿಂದ ಒಂದು ಕಿಲೋ ಲೋಹ ತೆಗೆಯಲು ವಿದ್ಯುತ್ ಕುಲುಮೆಗೆ ಸುಮಾರು 14 ಯೂನಿಟ್ ಬೇಕಾಗುತ್ತದೆ. ಒಟ್ಟು ಲೆಕ್ಕ 1,800 ಯೂನಿಟ್: ತಿಂಗಳಿಗೆ ನೂರು ಯೂನಿಟ್ ಬಳಸುವ ಸಂಸಾರಕ್ಕೆ ಒಂದೂವರೆ ವರ್ಷದ ಬೆಳಕು. ನಮ್ಮ ದೇಶದಲ್ಲಿ ಈ ವಿದ್ಯುತ್ತು ಹೆಚ್ಚಾಗಿ ಕಲ್ಲಿದ್ದಲಿನದು. ಅದಿರಾದ ಬಾಕ್ಸೈಟ್ ಇರುವುದು ಮಳೆನೀರನ್ನು ಹೀರಿ ತೊರೆಗಳಿಗೆ ಉಣಿಸುವ ಬೆಟ್ಟಗಳ ಚಪ್ಪಟೆ ತಲೆಯಲ್ಲಿ. ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಗಾಗಿ ಅದನ್ನು ಅಗೆದದ್ದು ಕೊಲ್ಲಾಪುರ ಜಿಲ್ಲೆಯ ಸಹ್ಯಾದ್ರಿಯಲ್ಲಿ. ಒಡಿಶಾದ ನಿಯಮಗಿರಿಯಲ್ಲಿ, ಸುಪ್ರೀಂ ಕೋರ್ಟಿನ ಆದೇಶದಂತೆ 2013ರಲ್ಲಿ ಸೇರಿದ ಹನ್ನೆರಡು ಗ್ರಾಮಸಭೆಗಳೂ ಗಣಿಗಾರಿಕೆ ಬೇಡವೆಂದವು. ಅವರು ಉಳಿಸಿಕೊಂಡ ಬೆಟ್ಟದ ಬೆಲೆ ನಗರದ ಯಾವ ಕೊಟೇಶನ್ನಿನಲ್ಲಿಯೂ ಬರುವುದಿಲ್ಲ.

ಹಾಗಾದರೆ ಆಯ್ಕೆ ಹೇಗಿರಬೇಕು? ಮೊದಲ ಪ್ರಶ್ನೆ ಯಾವ ಹಲಗೆ ಎಂಬುದಲ್ಲ, ಹಲಗೆ ಬೇಕೇ ಎಂಬುದು. ನೆತ್ತಿಯ ಮೇಲಿನ ಬಿಸಿಲಿಗೆ ಅಗಲವಾದ ಸಜ್ಜಾ ಸಾಕು. ಓರೆಯಾಗಿ ಬರುವ ಪಡುವಣ ಬಿಸಿಲಿಗೆ ಜಾಲಂಧ್ರವೋ ಬಳ್ಳಿಯೋ ಒಂದು ಹೊಂಗೆಮರವೋ ಬೇಕು. ಸುಣ್ಣದ ಬಿಳುಪು ಎಲ್ಲಕ್ಕಿಂತ ಅಗ್ಗ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಢಿಗೆ ತಂದ ಒತ್ತುಮಣ್ಣಿನ ಇಟ್ಟಿಗೆಗೆ ಮೇಲುಹೊದಿಕೆಯ ಹಂಗೇ ಇಲ್ಲ.

ಹೊದಿಸಲೇಬೇಕೆನ್ನುವವರು ದರ ಕೇಳುವ ಮುನ್ನ ತಿರುಳು ಯಾವುದೆಂದು ಕೇಳಲಿ. ಬರೀ ಪಾಲಿಎಥಿಲೀನ್ ಬೇಡ. ಬಹುಪಾಲು ಖನಿಜವೇ ಇರುವ, ‘ಎ2’ ದರ್ಜೆಯ ತಿರುಳು ಬೇಕು. ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಈ ಹಲಗೆಗಳಿಗೆಂದೇ ಐಎಸ್ 17682 ಎಂಬ ಮಾನಕವನ್ನು ಹೊರಡಿಸಿದೆ. ಅದರಂತೆ ನಡೆಸಿದ ಪರೀಕ್ಷೆಯ ವರದಿಯನ್ನು ಕಣ್ಣಾರೆ ಕಾಣಲಿ. ಬಿಸಿಲಿಗೆ ಬಣ್ಣ ಬಾಳಲು ಪಿವಿಡಿಎಫ್ ಲೇಪನವಿರಲಿ, ಬಣ್ಣ ತಿಳಿಯಾಗಿರಲಿ. ಹಿಂದಿನ ಸಂದಿಗೆ ಅಂತಸ್ತಿಗೊಂದರಂತೆ ಬೆಂಕಿತಡೆ ಇರಲಿ. ಕಿಟಕಿಯನ್ನಂತೂ ಯಾವ ಕಾರಣಕ್ಕೂ ಮುಚ್ಚದಿರಲಿ.

ಅಗ್ನಿಶಾಮಕ ಇಲಾಖೆಯ ಕಡ್ಡಾಯ ಪರಿಶೀಲನೆ ಮುಖ್ಯವಾಗಿ ಎತ್ತರದ ಕಟ್ಟಡಗಳಿಗೆ. ಕಮ್ಮನಹಳ್ಳಿಯ ಮೂರಂತಸ್ತಿನ ಅಂಗಡಿ ಆ ಎತ್ತರದ ಲೆಕ್ಕಕ್ಕೆ ಬಾರದು. ಆದರೆ ಅದರ ಮಹಡಿಯಲ್ಲಿ ಟ್ಯೂಷನ್ ತರಗತಿಯಿರುತ್ತದೆ, ಪಿ.ಜಿ. ಇರುತ್ತದೆ, ರಾತ್ರಿ ಮಲಗುವ ಕೆಲಸದ ಹುಡುಗರಿರುತ್ತಾರೆ. ಸುಡುವ ತಿರುಳಿನ ಹೊದಿಕೆಗೂ ಕಿಟಕಿ ಮುಚ್ಚುವ ಫಲಕಕ್ಕೂ ಕಟ್ಟಡದ ಎತ್ತರವನ್ನು ನೋಡದೆ ನಿಷೇಧ ವಿಧಿಸುವಂತೆ ನಗರಾಡಳಿತವನ್ನು ಒತ್ತಾಯಿಸುವುದು ಅಲ್ಲಿನ ನಾಗರಿಕರ ಹಕ್ಕು. ಆ ಬೇಡಿಕೆಗೆ ದನಿಗೂಡಿಸುವುದು ನಮ್ಮ ಕರ್ತವ್ಯ. ನಮ್ಮ ತಾಲ್ಲೂಕು ಕೇಂದ್ರಗಳ ಬಸ್‌ಸ್ಟ್ಯಾಂಡಿನ ಎದುರಿಗೂ ಇದೇ ಹಲಗೆ ಬಂದು ನಿಂತಿದೆ. ಹೆಂಚು, ಕಲ್ಲು, ಮಣ್ಣಿನ ಊರುಗಳು ತಮ್ಮ ಮುಖವನ್ನು ಮುಚ್ಚಿಕೊಳ್ಳುವ ಮುನ್ನ ಈ ಲೆಕ್ಕಗಳನ್ನೊಮ್ಮೆ ಪಂಚಾಯಿತಿಯ ಸಭೆಯಲ್ಲಿಟ್ಟು ಚರ್ಚಿಸಲಿ.